ಓದಿನ ಬಾವಿ

ಸಿದ್ಧನಗುಂಡಿಯ ಪಡುವಣ ದಿಕ್ಕಿಗೆ ಕರಿಕಲ್ಲಿನ ಮೆಟ್ಟಿಲುಗಳ ಒಂದು ಬಾವಿ ಇದೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅದರ ನೀರು ದನಗಳಿಗಷ್ಟೇ. ಹಳೆಯ ಕಾಗದಪತ್ರಗಳಲ್ಲಿ ಇದು ಸಿಹಿನೀರ ಬಾವಿ. ಊರವರು ಮಾತ್ರ ಓದಿನ ಬಾವಿ ಎನ್ನುತ್ತಾರೆ. ಈ ಹೆಸರು ಬಂದ ಬಗೆಯನ್ನು ನನಗೆ ಹೇಳಿದವರು ನನ್ನ ಸೋದರತ್ತೆ. ಅವರಿಗೆ ಅವರ ಅಜ್ಜಿ.

ಹಿಂದೆ ಒಮ್ಮೆ, ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ಹೊಸದಾಗಿ ತೆರೆದಾಗ, ತುಂಗಾಬಾಯಿ ಎಂಬವರು ಕಲಿಸಲು ಬಂದರು. ಪಾಠದ ಪುಸ್ತಕಗಳಲ್ಲದೆ ಕಥೆ, ಒಗಟು, ದೂರದೇಶಗಳ ವರ್ಣನೆಯ ಪುಸ್ತಕಗಳೂ ಅವರ ತಗಡಿನ ಪೆಟ್ಟಿಗೆಯಲ್ಲಿದ್ದವು. ಪ್ರತಿ ಶನಿವಾರ ಅವನ್ನು ಹುಡುಗಿಯರಿಗೆ ಮನೆಗೆ ಕೊಟ್ಟು ಕಳಿಸುತ್ತಿದ್ದರು. ಶಾಲೆಗೆ ಜಾಗ ಬಿಟ್ಟುಕೊಟ್ಟಿದ್ದ ವೀರನಗೌಡರಿಗೆ ಇದು ಹಿಡಿಸಲಿಲ್ಲ. ಹುಡುಗಿಯರಿಗೆ ನೀತಿಪಾಠ ಸಾಕು, ಕಥೆಯ ರುಚಿ ಹತ್ತಿದರೆ ಮನೆಗೆಲಸ ಬೇಡವಾಗುತ್ತದೆ ಎಂದು ಅವರು ಪೆಟ್ಟಿಗೆಯನ್ನೇ ತಮ್ಮ ಮನೆಗೆ ಹೊರಿಸಿದರು. ಹೊರಗುಳಿದದ್ದು ಒಂದೇ ಪುಸ್ತಕ. ಅದು ಕುಂಬಾರರ ಹನ್ನೊಂದು ವರ್ಷದ ಫಕೀರವ್ವನ ಬಳಿ ಇತ್ತು. ಹಡಗು ಒಡೆದು ಕಡಲಿಗೆ ಬಿದ್ದ ತಾಯಿ ಮಗಳ ಕಥೆ. ಆ ಬೇಸಿಗೆಯಲ್ಲಿ ಬಾವಿಯ ಸೆಲೆ ಸಣ್ಣದಾಗಿ, ಕೊಡ ತುಂಬಲು ಹೆಂಗಸರು ಬಹಳ ಹೊತ್ತು ಕಾಯಬೇಕಿತ್ತು. ಹುಡುಗಿ ಮೆಟ್ಟಿಲ ಮೇಲೆ ಕೂತು ಅವರಿಗೆ ಗಟ್ಟಿಯಾಗಿ ಓದತೊಡಗಿದಳು. ಪೂಜೆಯ ನೀರಿಗೆ ಬರುತ್ತಿದ್ದ ಗೌಡರ ತಾಯಿ ನಿಂಬೆವ್ವನೂ ಕೇಳುತ್ತ ಕೂತುಬಿಡುತ್ತಿದ್ದರು. ಸುದ್ದಿ ತಿಳಿದ ಗೌಡರು ಬಾವಿಗೇ ಬಂದು ಪುಸ್ತಕ ಕಿತ್ತುಕೊಂಡರು. ನಾಳೆಯಿಂದ ಇವಳಿಗೆ ಶಾಲೆ ಇಲ್ಲ ಎಂದರು.

ಮರುದಿನ ಬೆಳಿಗ್ಗೆ ಫಕೀರವ್ವ ತನ್ನ ಕೊಡವನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ ಕೂತಳು. ಪುಸ್ತಕವೂ ಶಾಲೆಯೂ ಮರಳಿ ಸಿಗುವತನಕ ನೀರು ಸೇದುವುದಿಲ್ಲವೆಂದಳು. ಅವಳ ತಾಯಿ ಬೈದಳು, ರಟ್ಟೆ ಹಿಡಿದು ಎಳೆದಳು. ಹುಡುಗಿ ಅತ್ತಳು, ಆದರೆ ಏಳಲಿಲ್ಲ. ಅಷ್ಟರಲ್ಲಿ ನಿಂಬೆವ್ವ ಬಂದು, ಏನನ್ನೂ ಕೇಳದೆ, ತಮ್ಮ ತಾಮ್ರದ ಕೊಡವನ್ನು ಅವಳ ಕೊಡದ ಪಕ್ಕ ಬೋರಲು ಹಾಕಿದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ನಲವತ್ತು ಕೊಡಗಳು ಸಾಲಾಗಿ ಬೋರಲು ಬಿದ್ದಿದ್ದವು ಎನ್ನುತ್ತಾರೆ. ಊರಿನ ಒಲೆಗಳು ಹೊತ್ತಲಿಲ್ಲ. ಸಂಜೆಗೆ ಗೌಡರೇ ಬಂದು, ಮನೆಯಲ್ಲಿ ಕುಡಿಯಲು ತೊಟ್ಟು ನೀರಿಲ್ಲ, ಏಳವ್ವ ಎಂದು ತಾಯಿಯನ್ನು ಬೇಡಿಕೊಂಡರು.

ನಿಂಬೆವ್ವ ಕೂತಲ್ಲಿಂದಲೇ ಹೇಳಿದರಂತೆ: "ಆ ತಾಯಿ ಮಗಳು ದಂಡಿಗೆ ಬಂದ್ರೋ ಇಲ್ಲೋ ನನಗ ತಿಳೀಬೇಕು. ನನಗಂತೂ ಓದಾಕ ಬರಾಂಗಿಲ್ಲ. ಓದಾಕ ಬರೋ ಹುಡುಗಿ ಬಾಯಿ ನೀ ಯಾಕ ಮುಚ್ಚತಿ?"

ಗೌಡರು ಮನೆಗೆ ಹಿಂದಿರುಗಿದರು. ಕತ್ತಲಾಗುವ ಮುನ್ನ ಪೆಟ್ಟಿಗೆ ಬಾವಿಗೆ ಬಂತು. ಹೊತ್ತು ತಂದವರು ಅವರೇ. ಫಕೀರವ್ವ ಕಥೆಯನ್ನು ಕೊನೆಯ ಹಾಳೆಯವರೆಗೆ ಓದಿದ ಮೇಲೆಯೇ ಮೊದಲ ಕೊಡ ನೀರಿಗಿಳಿಯಿತು. ಮುಂದೆ ಅವಳು ಅದೇ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದಳು.

ಈಗ ಬಾವಿಗೆ ಹೋದವರಿಗೆ ನಾಲ್ಕನೆಯ ಮೆಟ್ಟಿಲ ಬದಿಯ ಗೋಡೆಯಲ್ಲಿ ಒಂದು ಗೂಡು ಕಾಣುತ್ತದೆ. ದೀಪ ಇಡುವ ಗೂಡಲ್ಲ. ಅದರಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿದ ಪುಸ್ತಕಗಳಿರುತ್ತವೆ. ಕಳೆದ ಸಲ ನಾನು ಹೋದಾಗ ಅಲ್ಲೊಬ್ಬಳು ಶಾಲೆಯ ಹುಡುಗಿ ಓದುತ್ತ ಕೂತಿದ್ದಳು. ಹೆಸರೇನು ಎಂದು ಕೇಳಿದೆ. ಅವಳು ತಲೆ ಎತ್ತದೆ, ತಡೆಯಿರಿ ಎಂಬಂತೆ ಒಂದು ಬೆರಳು ಎತ್ತಿದಳು. ಹಾಳೆ ಮುಗಿಯುವತನಕ ನಾನು ನಿಂತೇ ಇದ್ದೆ.