ತುಕ್ಕಿನಡಿಯ ಹೆಸರು

ದೇಚಮ್ಮನ ಪಾಲಿಗೆ ಎರಡು ಹಳೆಯ ಬೇಟೆ ಕೋವಿಗಳು ಬಂದವು. ಅವುಗಳಲ್ಲಿ ತಾತನದು ಯಾವುದೆಂದು ಅವಳಿಗೆ ತಿಳಿಯದು. ಎರಡಕ್ಕೂ ಮೈತುಂಬ ತುಕ್ಕು, ಮರುದಿನವೇ ಆಯುಧಗಳನ್ನು ಪೂಜಿಸುವ ಕೈಲುಮುಹೂರ್ತ. ಮರಳುಕಾಗದ ಮೊದಲ ಕೋವಿಯನ್ನು ತಿಕ್ಕಿ ಬೆಳ್ಳಿಯಂತೆ ಹೊಳೆಯಿಸಿ, ಎರಡನೆಯದರತ್ತ ಬಂತು.

"ಮೈಯೊಡ್ಡು" ಎಂದಿತು.

"ತುಕ್ಕಿನಡಿ ನನ್ನನ್ನು ಮಾಡಿದವನ ಹೆಸರಿದೆ. ಅದನ್ನು ಉಳಿಸುತ್ತೀಯಾ?"

"ನನಗೆ ಓದು ಬಾರದು. ಅಡ್ಡ ಬಂದದ್ದನ್ನೆಲ್ಲ ತಿಕ್ಕುತ್ತೇನೆ."

"ಹಾಗಾದರೆ ದೂರವಿರು" ಎಂದ ಕೋವಿ, ಮಗ್ಗುಲಾಗಿ ಉರುಳಿ ಎಣ್ಣೆಬಟ್ಟೆಯ ಮೇಲೆ ಬಿತ್ತು.

"ನಾನು ಬಲು ನಿಧಾನ, ತಮ್ಮಾ" ಎಂದಿತು ಎಣ್ಣೆಬಟ್ಟೆ. "ಬೆಳಗಾಗುವಷ್ಟರಲ್ಲಿ ಅರ್ಧವೂ ಮುಗಿಯದು."

"ಅರೆತುಕ್ಕಿನಲ್ಲೇ ಪೂಜೆಗೆ ಕೂರುತ್ತೇನೆ. ನೀನು ಹೆಸರಿನಿಂದ ಶುರುಮಾಡು, ಅಕ್ಕಾ."

ಮರುದಿನ ದೇಚಮ್ಮನ ದೊಡ್ಡಪ್ಪ ಪೂವಯ್ಯ ಬಂದರು. ಅವರ ಕಣ್ಣು ಮಂಜಾಗಿತ್ತು. "ನಮ್ಮಪ್ಪನ ಕೋವಿ ಎಲ್ಲಿ?" ಎಂದು ಕೈ ಚಾಚಿದರು.

ಹೊಳೆಯುವ ನಳಿಗೆಯ ಮೇಲೆ ಅವರ ಹೆಬ್ಬೆರಳು ಆ ತುದಿಯಿಂದ ಈ ತುದಿಗೆ ಜಾರಿಹೋಯಿತು. "ಇದು ಯಾರದೋ" ಎಂದರು.

ಅರೆತುಕ್ಕಿನ ನಳಿಗೆಯ ಮೇಲೆ ಹೆಬ್ಬೆರಳು ಒಂದೆಡೆ ತಡೆದು ನಿಂತಿತು. ಚಿಕ್ಕಂದಿನಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ಸವರಿದ ಅಕ್ಷರಗಳವು. ಪೂವಯ್ಯ ಹಬ್ಬದ ಮೊದಲ ಹೂವನ್ನು ಆ ನಳಿಗೆಯ ಬಾಯಿಗೆ ಸಿಕ್ಕಿಸಿದರು.