ಮುಳ್ಳಕ್ಕ, ಕುಟ್ಟಯ್ಯ ಮತ್ತು ಕರಡಿಮರಿಯ ತೊಟ್ಟಿಲು

ಒಂದು ಕಾಡಿನ ಮುಳ್ಳುಹಂದಿಗೆ ವಿಚಿತ್ರ ಅಭ್ಯಾಸವೊಂದಿತ್ತು. ಮಣೆಯಾಗಲಿ ಮಂಚವಾಗಲಿ, ಮಾಡಿ ಮುಗಿಸಿದ ಕೂಡಲೇ ಅದಕ್ಕೆ ಬೆನ್ನು ತಿರುಗಿಸಿ ನಿಂತುಬಿಡುತ್ತಿತ್ತು. ಎಲ್ಲರೂ ಅದನ್ನು ಮುಳ್ಳಕ್ಕ ಎಂದು ಕರೆಯುತ್ತಿದ್ದರು.

ಅವಳು ಬೆನ್ನು ತಿರುಗಿಸಿ ಕಾಯುತ್ತಿದ್ದದ್ದು ಕುಟ್ಟಯ್ಯನ ಮಾತಿಗಾಗಿ. ಕುಟ್ಟಯ್ಯ ಎಂದರೆ ಮರಕುಟಿಗ, ಅವಳ ಪಾಲುದಾರ. ಬಂಡೆಯಡಿಯ ಗುಹೆಯಲ್ಲಿ ಇಬ್ಬರೂ ಎಷ್ಟೋ ವರ್ಷಗಳಿಂದ ಒಟ್ಟಿಗೆ ಮರಗೆಲಸ ನಡೆಸುತ್ತಿದ್ದರು. ಮುಳ್ಳಕ್ಕ ಮರಳಿನ ಮೇಲೆ ಮುಳ್ಳಿನಿಂದ ನಕ್ಷೆ ಎಳೆದು ಮರ ಕಡಿಯುವಳು. ಕುಟ್ಟಯ್ಯ ತೂತು ಕೊರೆದು ಬೆಣೆ ಹೊಡೆಯುವನು. ತನ್ನ ಕೆಲಸ ಚೆನ್ನಾಗಿದೆ ಎಂದು ತಾನೇ ಹೇಳುವಂತಿಲ್ಲ, ಅದು ಅವರ ಕಟ್ಟಳೆ. ಅವಳದನ್ನು ಅವನು ನೋಡಬೇಕು, ಅವನದನ್ನು ಅವಳು.

ಒಂದು ದಿನ ಕರಡಿಯಮ್ಮ ಬಂದು ತೊಟ್ಟಿಲು ಕೇಳಿದಳು. ಅವಳ ಮರಿಗೆ ನೆಲದ ಮೇಲೆ ಇರುವೆಗಳ ಕಾಟ. ಮುಳ್ಳಕ್ಕ ಮನಸ್ಸಿಟ್ಟು ಕೆಲಸ ಮಾಡಿದಳು. ಕುಟ್ಟಯ್ಯ ಅಡ್ಡಪಟ್ಟಿಯನ್ನು ಕೊಕ್ಕಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿದ.

"ಹಸಿ ಮರ ಕಣಮ್ಮಾ. ಒಣಗಲಿ, ಆಮೇಲೆ ನೋಡೋಣ."

"ಮರಿ ಅಲ್ಲಿ ನಿದ್ದೆಗೆಟ್ಟು ಅಳ್ತಿದೆ. ನಿನಗೆ ನಿಧಾನವೇ ಪ್ರಧಾನ!" ಎಂದು ಮುಳ್ಳಕ್ಕ ಸಿಡುಕಿದಳು.

ಇದನ್ನು ಒಂದು ಪುನುಗು ಬೆಕ್ಕು ಹೊರಗಿನಿಂದ ಕೇಳಿಸಿಕೊಂಡಿತು. ಮಳೆಗಾಲ ಹತ್ತಿರವಾಗಿತ್ತು. ಈ ಬೆಚ್ಚನೆಯ ಗುಹೆಯ ಮೇಲೆ ಅದಕ್ಕೆ ಬಹಳ ದಿನಗಳಿಂದ ಕಣ್ಣಿತ್ತು. ಕುಟ್ಟಯ್ಯ ಹಾರಿಹೋದದ್ದೇ ತಡ, ಒಳಗೆ ನುಸುಳಿತು.

"ಅಕ್ಕಾ, ನಕ್ಷೆ ಎಳೆಯೋಳು ನೀನು. ಹಲ್ಲು ಸವೆಸೋಳೂ ನೀನು. ಹುಳುಕು ಹುಡುಕೋ ಸುಖ ಮಾತ್ರ ಅವನಿಗೆ! ನನ್ನನ್ನ ಸೇರಿಸ್ಕೊ, ನಿನ್ನ ಕೆಲಸಕ್ಕೆ ಒಂದೇ ಒಂದು ಕೊಂಕು ಮಾತು ಅಂದ್ರೆ ಆಗ ಕೇಳು."

ಆ ಮಾತು ಮುಳ್ಳಕ್ಕನ ಮನಸ್ಸಿಗೆ ನಾಟಿತು. ಕುಟ್ಟಯ್ಯ ಮರಳಿದಾಗ ಹೇಳಿಯೇಬಿಟ್ಟಳು: "ಇನ್ನು ಮೇಲೆ ನನ್ನ ಕೆಲಸ ನಾನೇ ನೋಡ್ಕೋತೀನಿ."

ಕುಟ್ಟಯ್ಯ ವಾದ ಮಾಡಲಿಲ್ಲ. "ಸರಿಯಮ್ಮಾ" ಎಂದು ಹೊರಟುಹೋದ.

ಅಂದಿನಿಂದ ಪುನುಗು ಬೆಕ್ಕೇ ಹೊಸ ಪಾಲುದಾರ. ಮುಳ್ಳಕ್ಕ ಏನು ತೋರಿಸಿದರೂ "ಆಹಾ!" ಎನ್ನುತ್ತಿತ್ತು. ಮೊದಮೊದಲು ಅವಳಿಗೆ ಹಿತವೆನಿಸಿತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಬೆಕ್ಕು ನೋಡುವ ಮೊದಲೇ ಆಹಾ ಎನ್ನುತ್ತಿತ್ತು. ಆದರೂ ಹೊಗಳಿಕೆ ಯಾರಿಗೆ ಬೇಡ?

ಬೆಣೆಯನ್ನೂ ತಾನೇ ಹೊಡೆದು ಮುಳ್ಳಕ್ಕ ತೊಟ್ಟಿಲನ್ನು ಸಿದ್ಧ ಮಾಡಿದಳು. ಹಸಿ ಪಟ್ಟಿ ಹಸಿಯಾಗಿಯೇ ಉಳಿಯಿತು. ಕರಡಿಯಮ್ಮ ಬರುವ ದಿನ ಊಟ ಮುಗಿಸಿದ ಬೆಕ್ಕು, "ಒಂದು ಸಣ್ಣ ನಿದ್ದೆ" ಎಂದು ತೊಟ್ಟಿಲೊಳಗೆ ಹತ್ತಿ ಮಲಗಿತು.

ಚರ್ ಎಂದಿತು ತೊಟ್ಟಿಲು. ಪಟ್ಟಿ ಬಾಗಿತು, ಬೆಣೆ ಕಿತ್ತುಬಂತು. ಬೆಕ್ಕು ಧೊಪ್ಪನೆ ಬಿದ್ದದ್ದು ಮುಳ್ಳಕ್ಕನ ಉದುರಿದ ಮುಳ್ಳುಗಳ ರಾಶಿಯ ಮೇಲೆ.

"ಅಯ್ಯಯ್ಯೋ! ಯಾವಳೇ ಕಟ್ಟಿದ್ದು ಈ ದರಿದ್ರ ತೊಟ್ಟಿಲನ್ನ?"

ಬಾಗಿಲಲ್ಲಿ ಕರಡಿಯಮ್ಮ ನಿಂತಿದ್ದಳು. ಮರಿ ಅವಳ ಬೆನ್ನಿಗೆ ಅಂಟಿಕೊಂಡಿತ್ತು.

"ನಿನ್ನೆ ದಾರೀಲಿ ಸಿಕ್ಕಾಗ 'ಆಹಾ, ಇಂಥ ತೊಟ್ಟಿಲು ಹುಟ್ಟೇ ಇಲ್ಲ' ಅಂದೋನು ನೀನೇ ಅಲ್ವೇನೋ?" ಎಂದು ಅವಳು ಪಂಜ ಎತ್ತಿದಳು. ಬೆಕ್ಕು ಹಿಂಬದಿಯ ಮುಳ್ಳುಗಳನ್ನೂ ಕೀಳದೆ ಓಡಿತು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಕರಡಿಯಮ್ಮ ಮುರಿದ ತೊಟ್ಟಿಲನ್ನು ನೋಡಿದಳು, ಮರಿಯನ್ನು ನೋಡಿದಳು. "ಇದರಲ್ಲಿ ನನ್ನ ಕೂಸು ಮಲಗಬೇಕಿತ್ತಾ, ಮುಳ್ಳಕ್ಕಾ?" ಎಂದಷ್ಟೇ ಕೇಳಿ ಹೊರಟುಹೋದಳು.

ಮುಳ್ಳಕ್ಕ ಬಾಗಿದ ಹಸಿ ಪಟ್ಟಿಯನ್ನು ಕಿತ್ತೆಸೆದಳು. ಚೆನ್ನಾಗಿ ಒಣಗಿದ್ದ ತುಂಡೊಂದನ್ನು ಹುಡುಕಿ ಹೊಸ ಪಟ್ಟಿ ಕಡಿದಳು. ಅದನ್ನು ಬಾಯಲ್ಲಿ ಕಚ್ಚಿಕೊಂಡು ಕುಟ್ಟಯ್ಯನ ಹಲಸಿನ ಮರದವರೆಗೆ ನಡೆದಳು. ಮೇಲೆ ಅವನು ಕುಟ್ಟುವ ಸದ್ದು ಕೇಳುತ್ತಿತ್ತು. ಪಟ್ಟಿಯನ್ನು ಬುಡದಲ್ಲಿಟ್ಟು ತಲೆಯೆತ್ತಿದಳು.

"ಕುಟ್ಟಯ್ಯಾ, ತಪ್ಪಾಯ್ತು. ಇದನ್ನೊಂದು ಸಲ ನೋಡಿಕೊಡ್ತೀಯಾ?"

ಮೇಲಿನ ಸದ್ದು ನಿಂತಿತು. ಕುಟ್ಟಯ್ಯ ಇಳಿದು ಬರಲಿಲ್ಲ. ಮುಳ್ಳಕ್ಕ ಪಟ್ಟಿಗೆ ಬೆನ್ನು ತಿರುಗಿಸಿ, ಅವನ ಮಾತಿಗಾಗಿ ಕಾಯುತ್ತಾ ಅಲ್ಲೇ ಕುಳಿತಳು.

ನೀತಿ: ನೋಡದೆ ಹೊಗಳುವವನಿಗಿಂತ ನೋಡಿ ತಪ್ಪು ಹೇಳುವವನೇ ನಿಜವಾದ ಜೊತೆಗಾರ, ಅವನನ್ನು ಕಳೆದುಕೊಳ್ಳುವುದು ಸುಲಭ, ಮರಳಿ ಪಡೆಯುವುದು ಕಷ್ಟ.