ಶ್ರೀಗಳು ತಮ್ಮ ಸಹಿಯನ್ನು ಮರಳಿ ಕೇಳಿದ್ದು

ಶ್ರೀ ಹಾಲವೀರಯ್ಯ ಶಿವಯೋಗಿಗಳು ಅಂದು ಮಠದ ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದರು. ಕಾವಿಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ್ದರು. ಪೂಜ್ಯರಿಗೆ ಅದು ನಿತ್ಯದ ಕೆಲಸ. ಶಿಷ್ಯರು ಬೇಡವೆಂದರೂ ಬಿಡುತ್ತಿರಲಿಲ್ಲ.

ಅಲ್ಲಿಗೆ ದುರಗಪ್ಪ ಬಂದ. ಧಾನ್ಯದ ಬಜಾರಿನಲ್ಲಿ ಮೂಟೆ ಹೊರುವ ಹಮಾಲ. ಕೈ ಮುಗಿಯಲಿಲ್ಲ. ಮುಗಿಯುವ ಮನಸ್ಸಿನಿಂದ ಬಂದಿರಲಿಲ್ಲ.

ಅವನ ಹೆಂಡತಿ ಹುಲಿಗೆವ್ವ ಬಜಾರಿನಲ್ಲಿ ಚೆಲ್ಲಿದ ಕಾಳು ಗುಡಿಸಿ ಒಯ್ಯುತ್ತಿದ್ದಳು. ಬಡವರ ಹೆಂಗಸರಿಗೆಂದು ಹಿಂದಿನಿಂದ ಬಿಟ್ಟುಕೊಂಡು ಬಂದ ಕಾಳು ಅದು. ಅಲ್ಲಿನ ಸಾಹುಕಾರನ ಮಗ ವಿಜಯಕುಮಾರ ಆಕೆಯನ್ನು ಕಳ್ಳಿ ಎಂದು ಒದ್ದ. ಆಕೆ ಕಟ್ಟೆಯಿಂದ ಬಿದ್ದಳು. ತಲೆ ಕಲ್ಲಿಗೆ ಬಡಿಯಿತು. ಮತ್ತೆ ಏಳಲಿಲ್ಲ.

ಮೂರು ವರ್ಷ ಕೇಸು ನಡೆಯಿತು. ಶನಿವಾರ ತಪ್ಪು ಸಾಬೀತಾಯಿತು. ಶಿಕ್ಷೆ ಎಷ್ಟು ಎಂಬುದು ಮಾತ್ರ ಸೋಮವಾರಕ್ಕೆ ಉಳಿಯಿತು. ಆಗ ವಿಜಯಕುಮಾರನ ವಕೀಲ ಎದ್ದು ನಿಂತ. ಹುಡುಗ ಚಿಕ್ಕವನು ಎಂದ. ಮನೆತನ ದೊಡ್ಡದು ಎಂದ. ಮದುವೆ ಗೊತ್ತಾಗಿದೆ ಎಂದ. ಕೊನೆಗೆ ಒಂದು ಕಾಗದ ಓದಿದ. ‘ಈತನು ಸದ್ಗುಣಿ, ದೈವಭಕ್ತ.’ ಕೆಳಗೆ ಮಠದ ಮುದ್ರೆ, ಶ್ರೀಗಳ ಸಹಿ. ಜಡ್ಜ್ ಸಾಹೇಬರು ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು. ದುರಗಪ್ಪ ಅದನ್ನು ನೋಡಿದ. ಹಿಂದಿನ ವಾರ ಇದೇ ಸಾಹೇಬರು ಒಂದು ಚೀಲ ತೊಗರಿ ಕದ್ದ ಹಮಾಲನಿಗೆ ಎರಡು ವರ್ಷ ಹಾಕಿದ್ದರು. ಅವನಿಗೆ ಕಾಗದ ಕೊಡುವವರು ಯಾರಿದ್ದರು?

“ಯಪ್ಪಾ, ಆ ಹುಡುಗನ್ನ ನೀವು ಕಂಡೀರೇನ್ರಿ?”

“ಯಾವ ಹುಡುಗಪ್ಪಾ?”

“ನನ್ನ ಹೇಣ್ತಿನ್ನ ಒದ್ದು ಕೊಂದಾಂವ. ಸದ್ಗುಣಿ ಅಂತ ಬರದೀರಲ್ಲ! ನಿಮ್ಮ ಸಹಿ ಬಿದ್ರ ತ್ವಾಳನೂ ಆಕಳಾಗ್ತದೇನ್ರಿ?”

ಶಿಷ್ಯನೊಬ್ಬ ಮೇಲೆ ಬಿದ್ದು ಬಂದ. “ಲೇ, ಯಾರ ಮುಂದ ಮಾತಾಡ್ತಿ, ಖಬರ್ ಐತೇನು?” ಶ್ರೀಗಳು ಸೆಗಣಿಗೈಯಲ್ಲೇ ಅವನನ್ನು ತಡೆದರು.

ಮಠದಲ್ಲೊಂದು ರೂಢಿ ಇತ್ತು. ಶಾಲೆ, ನೌಕರಿ ಎಂದು ಬಂದವರಿಗೆ ಅನುಕೂಲವಾಗಲಿ ಎಂದು ಶ್ರೀಗಳು ಬರಿ ಹಾಳೆಗಳಿಗೆ ಸಹಿ ಮಾಡಿ ಇಡುತ್ತಿದ್ದರು. ಮೇಲಿನದನ್ನು ಕಾರಭಾರಿ ಬರೆದು ಕೊಡುತ್ತಿದ್ದ. ದಾಸೋಹಕ್ಕೆ ಅಕ್ಕಿ ಕಳಿಸುವ ಸಾಹುಕಾರನಿಗೆ ಅವನು ಇಲ್ಲ ಎಂದಾನೆಯೇ?

“ನಾವು ಕೊಟ್ಟಿಲ್ಲ ಅಂದುಬಿಡ್ರಿ ಬುದ್ಧಿ,” ಎಂದ ಕಾರಭಾರಿ.

“ಸಹಿ ನಮ್ಮದು,” ಎಂದರು ಶ್ರೀಗಳು.

ಸೋಮವಾರ ಶ್ರೀಗಳು ಕೋರ್ಟಿಗೆ ದಯಮಾಡಿಸಿದರು. ದುರಗಪ್ಪನ ಪಕ್ಕದಲ್ಲೇ ಹೋಗಿ ನಿಂತರು. ಜಡ್ಜ್ ಸಾಹೇಬರು ಕುರ್ಚಿ ಬಿಟ್ಟು ಎದ್ದು ಕೈ ಮುಗಿದರು.

“ಕೂಡ್ರಿ ಸಾಹೇಬ್ರ. ಇಂವ ಮೂರು ವರ್ಷ ಬಂದು ಇಲ್ಲೇ ನಿಂತ. ಒಂದಿನಾರ ಎದ್ರೇನು?”

ಸಾಹೇಬರ ಮುಖ ಕಪ್ಪಿಟ್ಟಿತು.

“ಈ ಹುಡುಗನ್ನ ನಾವು ಅರಿಯೆವು. ಇವರಪ್ಪನ ಅಕ್ಕಿ ಬಲ್ಲೆವು. ಅಕ್ಕಿ ಚಲೋ ಐತಿ. ಮಗ ಚಲೋ ಅಂತ ಬರದದ್ದು ಸುಳ್ಳು. ಎಷ್ಟು ವರ್ಷ ಹಾಕ್ತೀರೋ ನಿಮಗ ಬಿಟ್ಟದ್ದು. ನಮ್ಮ ಹೆಸರು ತಕ್ಕಡ್ಯಾಗಿಂದ ತಗೀರಿ.”

ವಕೀಲ ಏನೋ ಅನ್ನಲು ಹೋದ. ಸಾಹೇಬರು ಕೈ ಎತ್ತಿ ತಡೆದರು. ಕಾಗದವನ್ನು ಶ್ರೀಗಳಿಗೆ ಮರಳಿಸಿದರು. ಮೊದಲ ಸಲ ದುರಗಪ್ಪನ ಮುಖ ನೋಡಿದರು. ಏಳು ವರ್ಷ ಬರೆದರು.

ಹೊರಗೆ ಸಾಹುಕಾರ ಅಡ್ಡ ಬಂದ. “ನಾಳಿಂದ ಮಠಕ್ಕ ಒಂದು ಕಾಳು ಬರೂದಿಲ್ಲ ನೋಡ್ರಿ!”

“ಬ್ಯಾಡ. ಅಂಬಲಿ ಕಾಸ್ತೀವಿ.”

ದುರಗಪ್ಪ ಕಾಲಿಗೆ ಬಾಗಿದ. ಶ್ರೀಗಳು ರಟ್ಟೆ ಹಿಡಿದು ನಿಲ್ಲಿಸಿದರು. “ತಪ್ಪು ಮಾಡಿದಾಂವ ನಾನು. ನೀ ಯಾಕ ಬೀಳ್ತಿ?”

ಮರುದಿನ ಮಠದ ಪಂಕ್ತಿಯಲ್ಲಿ ಬರೀ ಜೋಳದ ಅಂಬಲಿ. ದುರಗಪ್ಪನೂ ಬಂದು ಕೂತ. ಹೆಂಡತಿ ತಿರುಗಿ ಬಂದಿರಲಿಲ್ಲ. ಸಿಟ್ಟೂ ಪೂರಾ ಇಳಿದಿರಲಿಲ್ಲ. ಆದರೆ ಹಸಿವೆ ಆಗಿತ್ತು. ಆಕೆ ಹೋದ ಮೇಲೆ ಹಸಿವೆ ಎಂಬುದು ಅವನಿಗೆ ಗೊತ್ತಾದದ್ದು ಅಂದೇ. ಒಂದು ಗುಟುಕು ಕುಡಿದು ತಲೆ ಎತ್ತಿದ.

“ಯಪ್ಪಾ, ಉಪ್ಪು ಕಡಿಮಿ ಐತ್ರಿ.”

ಶಿಷ್ಯ ಕಣ್ಣು ಕೆಂಪು ಮಾಡಿದ. ಪೂಜ್ಯರು ನಕ್ಕರು. ತಾವೇ ಒಳಗೆ ಹೋಗಿ, ಹಿಡಿಯಲ್ಲಿ ಉಪ್ಪು ತಂದು ಅವನ ತಟ್ಟೆಗೆ ನೀಡಿದರು. ಅವನು ಇನ್ನೊಮ್ಮೆ ಹಾಕಿಸಿಕೊಂಡು ಉಂಡ.